ನಾಗರಕಲ್ಲೂ ಗಳಗಂಡವೂ

ಬೀರೂರಿನಲ್ಲಿ ಕವಲೊಡೆವ ರೈಲುಹಾದಿಗಳಲ್ಲಿ ಒಂದನ್ನು ಹಿಡಿದು ಅಜ್ಜಂಪುರದ ಬಯಲಿಗೂ ಮತ್ತೊಂದನ್ನು ಹಿಡಿದು ತರೀಕೆರೆಯ ಅರೆಮಲೆನಾಡಿಗೂ ಹೋಗುವ ಪ್ರಯಾಣಿಕನು, 1947ರವರೆಗೆ ಜಿಲ್ಲೆಗೇ ತನ್ನ ಹೆಸರನ್ನಿತ್ತಿದ್ದ ಕಡೂರಿನ ಸೀಮೆಯಲ್ಲಿ ಕಾಣುವಂತೆಯೇ, ಅಶ್ವತ್ಥವೂ ಬೇವೂ ಜೊತೆಗೂಡಿ ಬೆಳೆದ ಕಟ್ಟೆಗಳ ಮೇಲೆ ನಾಗರಕಲ್ಲುಗಳನ್ನು ಕಾಣುವನು. ಇವುಗಳಲ್ಲಿ ಅನೇಕವು ಸಂತಾನಾರ್ಥಿಗಳ ಹರಕೆಯ ಶಿಲೆಗಳು. ಕೆಲಕಾಲ ನೀರಿನಲ್ಲಿರಿಸಿ, ಶಾಸ್ತ್ರೋಕ್ತವಾಗಿ ಪ್ರತಿಷ್ಠಿಸಿದ ಮೇಲೆ ಗೃಹಿಣಿಯು ನಿತ್ಯವೂ ಪ್ರದಕ್ಷಿಣೆ ಹಾಕುತ್ತಿದ್ದಳು. ಹರಕೆ ಫಲಿಸದಿದ್ದರೆ ಅವಳಿಗೆ ಬಂಜೆಯೆಂಬ ಹೆಸರು, ಗಂಡನಿಗೆ ಎರಡನೆಯ ಮದುವೆ. 1955ರ ಹಿಂದೂ ವಿವಾಹ ಕಾನೂನು ಬರುವವರೆಗೂ ಇದಕ್ಕೆ ತಡೆಯಿರಲಿಲ್ಲ.

ಹೀಗೆ ದೂಷಿತರಾದ ಸ್ತ್ರೀಯರಲ್ಲಿ ಕೆಲವರಾದರೂ ಕೊರಳಿನ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದ ನರಳಿದವರಾಗಿರಬೇಕೆಂದು ನಾನು ನಂಬುತ್ತೇನೆ. ಸುಶ್ರುತನು ಗಳಗಂಡವನ್ನು ವರ್ಣಿಸಿದ್ದಾನೆ. ಆದರೆ ಕೊರಳಿನ ಆ ಬಾವಿಗೂ ಬರಿದಾದ ಮಡಿಲಿಗೂ ಇರುವ ನಂಟು ತಿಳಿದುಬಂದದ್ದು ಬಹುಕಾಲದ ತರುವಾಯ. ಗ್ರಂಥಿಯ ರಸವು ಕುಂದಿದಾಗ ಅದನ್ನು ಪ್ರಚೋದಿಸಲೆಂದು ಮಿದುಳು ಕಳುಹುವ ಸಂಕೇತವೇ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನೂ ಹೆಚ್ಚಿಸಿ, ಅಂಡವು ಪಕ್ವವಾಗಿ ಬಿಡುಗಡೆಯಾಗುವುದನ್ನು ತಡೆಯಬಲ್ಲುದು. ಮುಟ್ಟು ಏರುಪೇರಾಗುವುದು, ನಿಂತ ಗರ್ಭವೂ ಇಳಿದುಹೋಗಬಹುದು.

ಅಯೋಡಿನ್ ಇಲ್ಲದೆ ಆ ರಸವು ಉತ್ಪನ್ನವಾಗದು. ಗಿರಿಶ್ರೇಣಿಗಳ ಮಣ್ಣಿನಿಂದ ಅದನ್ನು ಮಳೆಯು ಯುಗಯುಗಗಳಿಂದ ತೊಳೆದೊಯ್ದಿದೆ. ಚಿಕ್ಕಮಗಳೂರು ಜಿಲ್ಲೆಯೂ ಗಳಗಂಡಪೀಡಿತ ಪ್ರದೇಶಗಳೊಳಗೆ ಎಣಿಕೆಯಾಯಿತು. ಘಟ್ಟದ ಕೆಳಗಿನಿಂದ ಹೇರೆತ್ತುಗಳ ಮೇಲೆ ಬರುತ್ತಿದ್ದ ಉಪ್ಪಾದರೂ ಈ ಕೊರತೆಯನ್ನು ನೀಗಿಸಲಾರದಾಗಿತ್ತು, ಏಕೆಂದರೆ ಕಡಲಿನ ಹರಳುಪ್ಪಿನಲ್ಲಿ ಅಯೋಡಿನ್ ಅತ್ಯಲ್ಪ. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪನ್ನು ಜನರಿಗೆ ಕೊಟ್ಟು ಪರೀಕ್ಷಿಸಲು ಆರಂಭಿಸಿದರು. ಅದರಿಂದ ಗಳಗಂಡವು ಇಳಿದುದು ಸ್ಪಷ್ಟವಾಗುತ್ತಿರಲು, 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಹುಟ್ಟಿಕೊಂಡಿತು. 1992ರಲ್ಲಿ ಅದರ ಹೆಸರಿನಲ್ಲಿ ಗಳಗಂಡದ ಬದಲಿಗೆ ಅಯೋಡಿನ್ ಕೊರತೆಯ ಎಲ್ಲ ವಿಕಾರಗಳೂ ಸೇರಿದವು. ಅಷ್ಟು ಹೊತ್ತಿಗೆ ಗರ್ಭಸ್ಥ ಶಿಶುವಿಗೆ ಒದಗುವ ಹಾನಿಯು ಕೊರಳಿನ ಗಂಟಿಗಿಂತ ಘೋರವೆಂದು ವೈದ್ಯರು ಅರಿತಿದ್ದರು.

ಈಗ ಅಂಗಡಿಯ ಉಪ್ಪಿನಲ್ಲಿ ಅಯೋಡಿನ್ ಇದೆ. ಆದರೂ ಗ್ರಂಥಿಯನ್ನು ದೇಹವೇ ಕ್ಷಯಗೊಳಿಸುವ ಬೇರೊಂದು ರೋಗವುಂಟು; ಅದಕ್ಕೆ ಉಪ್ಪು ಪರಿಹಾರವಲ್ಲ. ಟಿಎಸ್‌ಎಚ್ ಎಂಬ ರಕ್ತಪರೀಕ್ಷೆಯಿಂದ ಕೊರತೆಯು ಗೊತ್ತಾಗುವುದು, ಬರಿಹೊಟ್ಟೆಯಲ್ಲಿ ನುಂಗುವ, ಆ ಗ್ರಂಥಿರಸವೇ ಆದ ಥೈರಾಕ್ಸಿನ್ನಿನ ಮಾತ್ರೆಯಿಂದ ಅನೇಕರ ಋತುಚಕ್ರವು ಸರಿಹೋಗುವುದು. ಗರ್ಭ ನಿಂತೊಡನೆ ವೈದ್ಯರು ಆ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಏರಿಸುವರು. ಏಕೆಂದರೆ ಮೊದಲ ಮೂರು ತಿಂಗಳು ಶಿಶುವು ತಾಯಿಯ ಥೈರಾಕ್ಸಿನ್ನನ್ನೇ ಆಶ್ರಯಿಸಿರುವುದು.