ನಿಲುಗಡೆ

ನಿಲುಗಡೆ – ಬಸ್ಸಿನ ಬೋರ್ಡಿನಿಂದ ಸಿಎನ್‌ಸಿ ಯಂತ್ರದ ಗುಂಡಿಯವರೆಗೂ ಬಳಕೆಯಲ್ಲಿರುವ ಪದ. ಮೂಲ ‘ನಿಲ್’ ಧಾತು. ತಮಿಳಿನಲ್ಲೂ ‘ನಿಲ್’, ತೆಲುಗಿನಲ್ಲಿ ‘ನಿಲುಚು’. ನಿಲುವು, ನಿಲ್ದಾಣ ಇದೇ ಬಳಗದವು. ಹಳಗನ್ನಡದ ‘ನಿಲ್’ಗೆ ಚಲನೆ ಬಿಡುವುದರ ಜೊತೆಗೆ ಉಳಿಯುವುದು ಎಂಬ ಅರ್ಥವೂ ಉಂಟು.

ಕಾರ್ಖಾನೆಯಲ್ಲಿ ಈ ಒಂದೇ ಪದ ಸಾಲದು. ಪ್ರೋಗ್ರಾಂ ನಿಂತ ಮಾತ್ರಕ್ಕೆ ಮೋಟಾರು ನಿಲ್ಲುವುದಿಲ್ಲ. ಕೆಲವು ಕಂಟ್ರೋಲರುಗಳಲ್ಲಿ ಆಗಲೇ ಹೊರಟ ಚಲನೆ ಗುರಿ ಮುಟ್ಟುವವರೆಗೂ ಸಾಗುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಐಇಸಿ 60204-1 ಮಾನಕ ನಿಲುಗಡೆಯಲ್ಲಿ ಮೂರು ಬಗೆ ಹೇಳುತ್ತದೆ: 0 – ತಕ್ಷಣ ವಿದ್ಯುತ್ ಕಡಿತ, 1 – ವೇಗ ತಗ್ಗಿಸಿ ನಿಲ್ಲಿಸಿ, ಬಳಿಕ ಕಡಿತ, 2 – ನಿಂತ ಮೇಲೂ ವಿದ್ಯುತ್ ಇರುವುದು. ತುರ್ತಿಗೆ ಮೊದಲೆರಡೇ ಸಲ್ಲುತ್ತವೆ. ಬ್ರೇಕಿಲ್ಲದ ಲಂಬ ಅಕ್ಷ ವಿದ್ಯುತ್ ಹೋದೊಡನೆ ಕೆಳಗೆ ಕುಸಿಯಬಹುದು. ಆದ್ದರಿಂದ ಫಲಕದಲ್ಲಿ ‘ಪ್ರೋಗ್ರಾಂ ನಿಲುಗಡೆ’, ‘ಚಲನೆ ನಿಲುಗಡೆ’, ‘ತುರ್ತು ನಿಲುಗಡೆ’ ಎಂದು ಬಿಡಿಸಿಯೇ ಬರೆಯಬೇಕು.