ಜಲರಂಗ ತೋಪು, ವರ್ಸೇಲ್ಸ್

ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿರುವ ಬಯಲು ರಂಗಸ್ಥಳ. 14ನೆಯ ಲೂಯಿಗಾಗಿ ಆಂದ್ರೆ ಲ ನೋತ್ರ್ 1671–74ರಲ್ಲಿ ರೂಪಿಸಿದ. ವೃತ್ತದ ಒಂದು ಭಾಗ ರಂಗ, ಇನ್ನೊಂದು ಹುಲ್ಲಿನ ಮೆಟ್ಟಿಲುಗಳ ಪ್ರೇಕ್ಷಕಾಂಗಣ. ಇಲ್ಲಿ ಮುಖ್ಯ ನಟ ನೀರೇ. ಕಾರಂಜಿಗಳ ಚಿಮ್ಮುವಿಕೆ ಬದಲಾದಂತೆ ದೃಶ್ಯವೂ ಬದಲಾಗುತ್ತಿತ್ತು. ಕ್ರಮೇಣ ಶಿಥಿಲವಾದ ಈ ತೋಪನ್ನು 16ನೆಯ ಲೂಯಿಯ ಕಾಲದಲ್ಲಿ, 1775ರಲ್ಲಿ, ಕೆಡವಲಾಯಿತು. ಮುಂದೆ 1990 ಹಾಗೂ 1999ರ ಬಿರುಗಾಳಿಗಳು ಅಲ್ಲಿನ ಮರಗಳನ್ನೂ ಉರುಳಿಸಿದವು.

2015ರಲ್ಲಿ ಮತ್ತೆ ತೆರೆದ ತೋಪು ಹಳೆಯದರ ನಕಲಲ್ಲ. ಉದ್ಯಾನ ವಿನ್ಯಾಸಕ ಲೂಯಿ ಬೆನೆಷ್ ಹೊಸದಾಗಿ ಗಿಡಮರ ಹಾಕಿಸಿದರು. ಶಿಲ್ಪಿ ಜಾನ್-ಮಿಶೆಲ್ ಒಥೋನಿಯೆಲ್ ಹೊಂಬಣ್ಣದ ಗಾಜಿನ ಮಣಿಗಳ ಮೂರು ಕಾರಂಜಿಗಳನ್ನು ಕೊಳದ ಮೇಲೆ ನಿಲ್ಲಿಸಿದರು. ಅವುಗಳ ಬಳುಕಿಗೆ ಮೂಲ, ರಾವುಲ್-ಓಜೆ ಫ್ಯೋಯೆ ದಾಖಲಿಸಿದ ನೃತ್ಯಹೆಜ್ಜೆಗಳ ರೇಖಾಲಿಪಿ. 14ನೆಯ ಲೂಯಿ ಸ್ವತಃ ನರ್ತಕನಾಗಿದ್ದುದನ್ನು ನೆನೆದರೆ, ಕಳೆದುಹೋದ ರಂಗಕ್ಕೆ ಇದು ತಕ್ಕ ಗೌರವ.