ಕ್ರಮವಿಧಿಯ ಜತೆಗೇ ಕೈಪಿಡಿ

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ದಿನಪತ್ರಿಕೆ 'ಲಾರೆನ್ಸ್ ಜರ್ನಲ್-ವರ್ಲ್ಡ್'. 2003ರಲ್ಲಿ ಅದರ ಅಂತರ್ಜಾಲ ವಿಭಾಗದಲ್ಲಿದ್ದ ಆಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್, ಸುದ್ದಿಮನೆಯ ಗಡುವಿಗೆ ಸರಿಯಾಗಿ ವೆಬ್‌ಸೈಟ್‌ಗಳನ್ನು ಕಟ್ಟಿಕೊಡಬೇಕಿತ್ತು. ಪ್ರತಿ ತಾಣಕ್ಕೂ ಬೇಕಾಗುವ ಕೆಲಸಗಳನ್ನು ಅವರು ಒಮ್ಮೆಲೇ ಬರೆದಿಟ್ಟುಕೊಂಡರು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹೆಸರು ಹೊತ್ತ ಆ ತಂತ್ರಾಂಶ, 'ಜಾಂಗೋ', 2005ರ ಜುಲೈನಲ್ಲಿ ಎಲ್ಲರಿಗೂ ಮುಕ್ತವಾಯಿತು.

ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ಕ್ರಮವಿಧಿ ಬರೆಯಲು ಮುಗಿಬೀಳುವವರು ಅದನ್ನು ಬಳಸುವ ಬಗೆ ಬರೆಯುವಾಗ ಕಾಣೆಯಾಗುತ್ತಾರೆ. ಇದು ಈ ವಲಯದ ಹಳೆಯ ರೋಗ. ಕ್ರಮವಿಧಿ ಬದಲಾಗಿ ಕೈಪಿಡಿ ಹಾಗೆಯೇ ಉಳಿದರೆ, ಅದನ್ನು ನಂಬಿದವನ ತಾಣ ಕೆಡುತ್ತದೆ. ಕೈಪಿಡಿಯೇ ಇಲ್ಲದಿದ್ದರೆ ಆತ ಎಚ್ಚರದಿಂದಲಾದರೂ ಇರುತ್ತಿದ್ದ!

ಅಕ್ಷರವೇ ಕಸುಬಾದ ಕಚೇರಿಯಲ್ಲಿ ಹುಟ್ಟಿದ್ದಕ್ಕೋ ಏನೋ, ಜಾಂಗೋ ಬಳಗ ಇದಕ್ಕೆ ಕಟ್ಟುನಿಟ್ಟಿನ ಮದ್ದು ಕಂಡುಕೊಂಡಿತು. ಹೊಸ ಸೌಲಭ್ಯ ಸೇರಿಸಬಯಸುವವರು ಅದರ ವಿವರಣೆಯನ್ನೂ ಜತೆಗೇ ಬರೆದುಕೊಡಬೇಕು. ಕ್ರಮವಿಧಿ, ಕೈಪಿಡಿ ಎರಡೂ ಇರುವುದು ಒಂದೇ ಭಂಡಾರದಲ್ಲಿ.

2008ರ ಸೆಪ್ಟೆಂಬರ್‌ನಲ್ಲಿ 1.0 ಆವೃತ್ತಿ ಹೊರಬರುವ ಮುನ್ನ ಜೇಕಬ್ ಕಾಪ್ಲಾನ್-ಮಾಸ್ ಇಡೀ ಕೈಪಿಡಿಯನ್ನು ಹೊಸದಾಗಿ ಜೋಡಿಸಿದರು. ಪೈಥಾನ್ ಭಾಷೆಯ ಕೈಪಿಡಿಗಾಗಿ ಗಿಯಾರ್ಗ್ ಬ್ರಾಂಡ್ಲ್ ರೂಪಿಸಿದ್ದ 'ಸ್ಫಿಂಕ್ಸ್' ಸಾಧನ ಆಗ ನೆರವಿಗೆ ಬಂತು. ಹೊಸಬರಿಗೆ ಪಾಠ ಒಂದೆಡೆ, ಬಲ್ಲವರಿಗೆ ಆಕರ ಇನ್ನೊಂದೆಡೆ.

ಹೊಸ ಸೌಲಭ್ಯದ ಪಕ್ಕದಲ್ಲಿ ಅದು ಯಾವ ಆವೃತ್ತಿಯಲ್ಲಿ ಬಂತೆಂಬ ಟಿಪ್ಪಣಿ ಇರುತ್ತದೆ. ಹಳೆಯ ಆವೃತ್ತಿಗಳ ಅವಧಿ ಮುಗಿದಂತೆ ಇಂಥ ಟಿಪ್ಪಣಿಗಳನ್ನು ಹುಡುಕಿ ಅಳಿಸಬೇಕು. ಈ ಕಸ ಗುಡಿಸುವ ಕೆಲಸ ಇಂದಿಗೂ ನಡೆದೇ ಇದೆ.